ಯಾರ ಕಾರ್ಡು ಮೊದಲು

ಗೋಡೆಗೆ ಅಂಟಿಸಿದ್ದ ಚೀಟಿಗಳಲ್ಲಿ ಹನ್ನೊಂದು ಮತ್ತೆ ಉದುರಿದ್ದವು. ಅದಕ್ಕಿಂತ ಕೆಟ್ಟದ್ದೆಂದರೆ, ಬೆಳಿಗ್ಗೆ ಕಸ ಗುಡಿಸಲು ಬಂದ ರೈಸಾ ಪೆತ್ರೊವ್ನಾ ಅವನ್ನೆಲ್ಲ ಹೆಕ್ಕಿ, ಧೂಳು ಕೊಡವಿ, ತನಗೆ ಚೆಂದ ಕಂಡ ಹಾಗೆ ಮತ್ತೆ ಅಂಟಿಸಿ ಹೋಗಿದ್ದಳು. ಹಳದಿಯವೆಲ್ಲ ಒಂದು ಕಡೆ, ಗುಲಾಬಿಯವೆಲ್ಲ ಇನ್ನೊಂದು ಕಡೆ. ಹೀಗಾಗಿ ಇನ್ನೂ ಯಾರೂ ಕೈಯೇ ಹಾಕದ ಮೂರು ಕೆಲಸಗಳು ‘ಮುಗಿದದ್ದು’ ಎಂಬ ಸಾಲಿಗೆ ಬಂದು ಕೂತಿದ್ದವು. ಮಾರ್ಚಿನಲ್ಲೇ ಮುಗಿಸಿ ಕೇಕ್ ತಿಂದಿದ್ದ ಕೆಲಸವೊಂದು ‘ಮಾಡಬೇಕಾದದ್ದು’ ಸಾಲಿನಿಂದ ಕನಿಶಾಯ್‌ಳನ್ನು ನೋಡುತ್ತಿತ್ತು. ಈಗ ಅವರ ಕಚೇರಿಯಾಗಿದ್ದ ಈ ಕಟ್ಟಡ ಮೊದಲು ಪುಟ್ಟ ಮಕ್ಕಳ ಶಾಲೆಯಾಗಿತ್ತು. ಗೋಡೆಯ ತುಂಬ ಅಣಬೆಗಳು, ಬೆನ್ನ ಮೇಲೆ ಸೇಬು ಹೊತ್ತ ಒಂದು ಮುಳ್ಳುಹಂದಿ; ಕೋಟು ತೂಗುಹಾಕುವ ಕೊಕ್ಕೆಗಳು ಸೊಂಟದ ಎತ್ತರಕ್ಕಿದ್ದವು. ಆ ಬಣ್ಣದ ಮೇಲೆ ಯಾವ ಅಂಟೂ ನಿಲ್ಲುತ್ತಿರಲಿಲ್ಲ. ಏಳು ತಿಂಗಳಿಂದ ಅವಳ ಬೆಳಗು ಶುರುವಾಗುತ್ತಿದ್ದುದು ಹೀಗೆಯೇ, ಮುಳ್ಳುಹಂದಿಯ ಮುಂದೆ ನಿಂತು, ಯಾವ ಕೆಲಸ ಎಲ್ಲಿತ್ತು ಎಂದು ನೆನಪು ಮಾಡಿಕೊಳ್ಳುವುದರಿಂದ. ಇವತ್ತು ಮಾತ್ರ ಕೈಯಲ್ಲಿ ಚೀಟಿ ಹಿಡಿದೂ ಅವಳಿಗೆ ಓದಲಾಗುತ್ತಿರಲಿಲ್ಲ. ಕಿವಿಯೆಲ್ಲ ಬಾಗಿಲ ಕಡೆಗಿತ್ತು. ಎಸೆನ್‌ಕುಲ್ ಬಾಯ್ಕೆ, ಎಂದರೆ ಎಲ್ಲರ ಹಿರಿಯಣ್ಣ, ಹಲ್ಲಿನ ಡಾಕ್ಟರ ಹತ್ತಿರ ನೇರವಾಗಿ ಮನೆಯಿಂದಲೇ ಹೋಗುತ್ತಾರೆ, ಇಲ್ಲಿಗೆ ಬರುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು. ಆದರೆ ಮೆಟ್ಟಿಲ ಮೇಲೆ ಕೇಳಿಸಿದ್ದು ಅವರದೇ ಬೂಟಿನ ಸದ್ದು.

ಅವರು ಬಂದದ್ದು ಥ್ಯಾಂಕ್ಸ್ ಹೇಳಲಿಕ್ಕೆ. ಎಡಗೆನ್ನೆ ಊದಿಕೊಂಡು, ಬಿಳಿಯ ಉಣ್ಣೆಟೋಪಿ ಸ್ವಲ್ಪ ವಾರೆಯಾಗಿ, ಕೈಯಲ್ಲೊಂದು ಬಟ್ಟೆಗಂಟು. “ತಗೋ ತಂಗಿ,” ಎಂದರು. “ನಮ್ಮನೆಯವಳು ಕಳ್ಸಿದ್ದಾಳೆ, ಕುರುತ್. ಈ ಸಲ ಉಪ್ಪು ಕಮ್ಮಿ. ಎರಡು ತಿಂಗ್ಳಿಂದ ಹಲ್ಲು ಹಲ್ಲು ಅಂತ ಒದ್ದಾಡ್ತಿದ್ದೆ, ನನ್ನ ಮಕ್ಕಳು ಒಬ್ಬರಾದ್ರೂ ಒಂದು ಫೋನ್ ಮಾಡಿ ಡಾಕ್ಟ್ರನ್ನ ಗೊತ್ತು ಮಾಡಿದ್ರಾ? ನೀನು ಮಾಡ್ದೆ. ನಿಮ್ಮಮ್ಮ ಚೆನ್ನಾಗಿ ಬೆಳ್ಸಿದ್ದಾಳೆ ಅಂತ ನಮ್ಮನೇಲಿ ನಿನ್ನೆಯೆಲ್ಲ ಅದೇ ಮಾತು.” ಅವಳು ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಒಣಗಿದ ಮೊಸರುಂಡೆಗಳ ಹುಳಿ ವಾಸನೆ ಬಟ್ಟೆಯಿಂದಲೇ ಬರುತ್ತಿತ್ತು. “ಹತ್ತು ಗಂಟೆಗೆ ಬಾಯ್ಕೆ. ತಡ ಆದ್ರೆ ಅವರು ಬೇರೆಯವರನ್ನ ಕರೀತಾರೆ,” ಎಂದಳು. ತನ್ನ ದನಿ ತನಗೇ ಅಸಹ್ಯವೆನಿಸುವಷ್ಟು ಸಿಹಿಯಾಗಿತ್ತು. “ಅಯ್ಯೋ, ಇವತ್ತು ಕಾರ್ಡಾಟ ಇತ್ತಲ್ವಾ,” ಎಂದರು ಅವರು ಬಾಗಿಲಲ್ಲಿ ತಿರುಗಿ. “ಬಂದ್ಮೇಲೆ ಆಡೋಣ. ನಾನಿಲ್ದೆ ಶುರು ಮಾಡ್ಬೇಡಿ.” ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಗೊತ್ತಾಗದ ಹಾಗೆ ತಲೆಯಾಡಿಸುವುದನ್ನು ಈ ಏಳು ತಿಂಗಳಲ್ಲಿ ಅವಳು ಚೆನ್ನಾಗಿಯೇ ಕಲಿತಿದ್ದಳು.

ಆಸ್ಪತ್ರೆಯ ಹುಡುಗಿ ಫೋನಿನಲ್ಲಿ, ಗುರುವಾರ ಮಧ್ಯಾಹ್ನವೂ ಜಾಗ ಇದೆ, ಶುಕ್ರವಾರವೂ ಇದೆ ಎಂದಿದ್ದಳು. ಸೋಮವಾರ ಹತ್ತೇ ಬೇಕು ಎಂದು ಹಟ ಹಿಡಿದವಳು ಕನಿಶಾಯ್. ಕಾರ್ಡು ತಿರುಗಿಸುವ ಹೊತ್ತಿಗೆ ಆ ಮನುಷ್ಯ ಕೋಣೆಯಲ್ಲಿ ಇರಬಾರದು, ಅಷ್ಟೇ. ಐವತ್ತೆಂಟು ವರ್ಷದ, ರೇಡಿಯೊ ಕಾರ್ಖಾನೆ ಮುಚ್ಚಿದ ಮೇಲೆ ಇಪ್ಪತ್ತು ವರ್ಷ ಬಜಾರಿನ ಮೂಲೆಯಲ್ಲಿ ಟೀವಿ ರಿಪೇರಿ ಮಾಡಿಕೊಂಡಿದ್ದ, ಬೆಸುಗೆಯ ಕಡ್ಡಿ ಹಿಡಿದರೆ ಕೈ ನಡುಗದ ಮನುಷ್ಯ. ಅವರಿಲ್ಲದಿದ್ದರೆ ಕುದುರೆಯ ಕೊರಳಿಗೆ ಕಟ್ಟುವ, ಕುದುರೆ ಎಲ್ಲಿದೆ ಎಂದು ಮಾಲೀಕರ ಫೋನಿಗೆ ಹೇಳುವ ಆ ಪಟ್ಟಿ ಇನ್ನೂ ಅವಳ ನೋಟುಬುಕ್ಕಿನ ಚಿತ್ರವಾಗಿಯೇ ಇರುತ್ತಿತ್ತು. ಆಲೋಚನೆ ಅವಳದು, ಕೈ ಅವರದು. ಅಂಥವರನ್ನು ಹಲ್ಲುನೋವಿನ ನೆಪದಲ್ಲಿ ಹೊರಗೆ ಕಳಿಸಿದ್ದಳು, ಮೇಲೆ ಕುರುತ್ ಬೇರೆ ತೆಗೆದುಕೊಂಡಿದ್ದಳು. ಬೇರೆ ದಾರಿ ಇತ್ತೇ ಎಂದು ಅವಳು ಮುಳ್ಳುಹಂದಿಯನ್ನು ಕೇಳಿದಳು. ಅಲ್ಮಾಟಿಯ ಆ ಮೂರು ದಿನದ ತರಬೇತಿಯಲ್ಲಿ, ಹೊಳೆಯುವ ಬೂಟಿನ ಮೇಷ್ಟರು ಎಷ್ಟು ಸುಲಭವಾಗಿ ಹೇಳಿದ್ದರು: ದೊಡ್ಡ ಕನಸನ್ನು ಸಣ್ಣ ತುಂಡು ಮಾಡಿ, ಎರಡು ವಾರದ ಒಂದೊಂದು ‘ಓಟ’ದಲ್ಲಿ ಒಂದೊಂದು ತುಂಡು ಮುಗಿಸಿ, ಬಳಸುವವರ ಕೈಗಿಟ್ಟು ಏನನ್ನುತ್ತಾರೆ ಕೇಳಿ, ತಿದ್ದಿ, ಮುಂದಿನ ತುಂಡು ಎತ್ತಿಕೊಳ್ಳಿ. ಪ್ರತಿ ತುಂಡು ಎಷ್ಟು ಭಾರ ಎಂದು ಎಲ್ಲರೂ ಒಂದೊಂದು ಕಾರ್ಡು ಆರಿಸಿ, ಬೋರಲು ಇಟ್ಟು, ಒಟ್ಟಿಗೇ ತಿರುಗಿಸಿ. ಒಂದು, ಎರಡು, ಮೂರು, ಐದು, ಎಂಟು, ಹದಿಮೂರು, ಇಪ್ಪತ್ತು; ಏನೂ ತಿಳಿಯದಿದ್ದರೆ ಪ್ರಶ್ನೆಚಿಹ್ನೆ. ಯಾರ ಅಂಕಿ ಬೇರೆಯೋ ಅವರು ಮಾತಾಡಲಿ, ಸತ್ಯ ಇರುವುದು ಅಲ್ಲಿ. ಅವಳು ಅದನ್ನು ಮೂರು ಸಲ ಅಡಿಗೆರೆ ಹಾಕಿ ಬರೆದುಕೊಂಡಿದ್ದಳು. ಗಡಿ ದಾಟಿ ಬಿಷ್ಕೇಕಿಗೆ ಬರುವ ಬಸ್ಸಿನಲ್ಲಿ ಕಾರ್ಡಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು.

ಮೊದಲ ದಿನವೇ ಎಲ್ಲ ಕೆಟ್ಟಿತು. ಅವಳು “ಮೂರು” ಎಂದಾಗ ತಿರುಗಿದ್ದು ಒಂದೇ ಕಾರ್ಡು, ಬಾಯ್ಕೆಯದು. ಉಳಿದ ಮೂವರು ಅದನ್ನು ನೋಡಿ, ತಮ್ಮ ಕೈಯಲ್ಲಿದ್ದುದನ್ನು ಸದ್ದಿಲ್ಲದೆ ಬದಲಾಯಿಸಿ, ಆಮೇಲೆ ತಿರುಗಿಸಿದರು. ಐದು, ಐದು, ಐದು, ಐದು. ಮುಂದಿನ ಸಲ ಚಿಕ್ಕವರು ಮೊದಲು ಎಂದಳು. ಎಲ್ಲರಿಗಿಂತ ಚಿಕ್ಕವಳು ಸಿರ್ಗಾ, ಮಾಡಿದ್ದೆಲ್ಲ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವ ಹುಡುಗಿ. ಅವಳು ಕಿವಿಯವರೆಗೆ ಕೆಂಪಾಗಿ, “ಎಜೆ, ಅಕ್ಕಾ, ಬೇಕಾದ್ರೆ ಚಹಾ ನಾನೇ ಮೊದಲು ಬಗ್ಗಿಸ್ತೀನಿ, ಇದೊಂದು ಬೇಡ,” ಎಂದಳು. ಮೊದಲು ಹಿರಿಯರ ಕೈ ತಟ್ಟೆಗೆ ಹೋಗದೆ ಊಟ ಶುರುವಾಗದ ಮನೆಗಳಲ್ಲಿ ಬೆಳೆದವರು ಎಲ್ಲರೂ. ಮೂರನೆಯ ಸಲ ಹೆಸರು ಬರೆಯದೆ ಚೀಟಿಯಲ್ಲಿ ಅಂಕಿ ಬರೆದು ಟೋಪಿಗೆ ಹಾಕಿ ಎಂದಳು. ಟೋಪಿ ಬಾಯ್ಕೆಯದೇ ಆಗಬೇಕಾಯಿತು, ಏಕೆಂದರೆ ಬೇರೆ ಯಾರ ಬಳಿಯೂ ಟೋಪಿ ಇರಲಿಲ್ಲ. ನಾಲ್ಕು ಚೀಟಿ, ನಾಲ್ಕರಲ್ಲೂ ಐದು. ಹೇಗೆ ಎಂದು ಆಮೇಲೆ ಗೊತ್ತಾಯಿತು: ಮೂವರೂ ಒಬ್ಬೊಬ್ಬರಾಗಿ ಮೊದಲೇ ಕೈತೊಳೆಯುವ ಜಾಗದಲ್ಲಿ ಅವರನ್ನು ಹಿಡಿದು, “ಬಾಯ್ಕೆ, ಇವತ್ತು ಎಷ್ಟು ಹಾಕ್ತೀರಿ?” ಎಂದು ಕೇಳಿಕೊಂಡಿದ್ದರು. ಮಕ್ಕಳಿಗಾಗಿ ಕಟ್ಟಿದ ಆ ಪುಟ್ಟ ತೊಟ್ಟಿಗಳ ಮುಂದೆ ಬಗ್ಗಿ ಕೈ ತೊಳೆಯುತ್ತಾ ಪಿಸುಗುಟ್ಟುವ ದೊಡ್ಡ ದೊಡ್ಡ ಗಂಡಸರನ್ನು ನೆನೆದರೆ ನಗು ಬರಬೇಕಿತ್ತು. ಫೋನಿನ ಕಡೆಯ ಕೆಲಸ ಮಾಡುವ ಗ್ಲೆಬ್ ಕೂಡ, ತಾತ ಮುತ್ತಾತಂದಿರೆಲ್ಲ ರಷ್ಯದವರಾದ ಗ್ಲೆಬ್ ಕೂಡ, “ಏನ್ಮಾಡೋದು, ನಾನೂ ಇಲ್ಲೇ ಹುಟ್ಟಿದವನಲ್ವಾ,” ಎಂದು ಭುಜ ಕುಣಿಸಿದ್ದ. ಬೆಳಗಿನ ಹದಿನೈದು ನಿಮಿಷದ ಸಭೆಯನ್ನು ನಿಂತೇ ಮಾಡಬೇಕು, ಬೇಗ ಮುಗಿಯುತ್ತದೆ ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಬಾಯ್ಕೆ ನಿಂತಿರುವುದನ್ನು ನೋಡಲಾಗದೆ, ಬ್ಯಾಟರಿ ನೋಡಿಕೊಳ್ಳುವ ತಿಲೆಕ್ ಕುರ್ಚಿ ತಂದ. ಕೂತ ಬಾಯ್ಕೆ, ನೀವೆಲ್ಲ ಯಾಕಪ್ಪಾ ಪೊಲೀಸರ ಹಾಗೆ ನಿಂತಿದ್ದೀರಿ, ಕೂತ್ಕೊಳ್ಳಿ ಎಂದರು. ಕೂತ ಮೇಲೆ ಚಹಾ, ಚಹಾ ಬಂದ ಮೇಲೆ ರೇಡಿಯೊ ಕಾರ್ಖಾನೆಯ ಕಥೆ. ಅವರು ಮುಗಿಸದೆ ಯಾರೂ ಏಳುವಂತಿಲ್ಲ. ಹದಿನೈದು ನಿಮಿಷದ್ದು ಒಂದು ಗಂಟೆಯಾಗುತ್ತಿತ್ತು, ಒಂದು ಗಂಟೆಯ ಕೊನೆಯಲ್ಲಿ ಎಲ್ಲರೂ ಒಪ್ಪಿರುತ್ತಿದ್ದರು, ಎರಡು ವಾರದ ಕೊನೆಯಲ್ಲಿ ಹೆಚ್ಚೇನೂ ಮುಗಿದಿರುತ್ತಿರಲಿಲ್ಲ.

ಮೇ ಇಪ್ಪತ್ತಕ್ಕೆ, ಪಟ್ಟಿಗೆ ಕಾದಿರುವ ಹಳ್ಳಿಯ ಉಲ್ಕಾನ್ ಎಜೆಯ ಕುದುರೆಗಳು ಕಣಿವೆ ಬಿಟ್ಟು ಮೇಲಿನ ಹುಲ್ಲುಗಾವಲಿಗೆ ಏರುತ್ತವೆ. ಏರಿದ ಮೇಲೆ ಶರತ್ಕಾಲದವರೆಗೆ ಅವುಗಳ ಕೊರಳು ಯಾರ ಕೈಗೂ ಸಿಗುವುದಿಲ್ಲ. ಇವತ್ತು ಏಪ್ರಿಲ್ ಕೊನೆಯ ಸೋಮವಾರ. ನಡುವೆ ಮೇ ಒಂದು, ಐದು, ಒಂಬತ್ತು, ಮೂರೂ ರಜೆ. ಕಿಟಕಿಯಾಚೆ ಬೀದಿಯ ಕಂಬಗಳಿಗೆ ಆಗಲೇ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಕನಿಶಾಯ್‌ಗೆ ಬೇಡವೆಂದರೂ ಅಕ್ಟೋಬರಿನಲ್ಲಿ ಹೋಗಿದ್ದ ಎಜೆಯ ಮನೆ ಕಣ್ಣಿಗೆ ಬರುತ್ತಿತ್ತು. ಒಲೆಯ ಶಾಖಕ್ಕೆ ಮಂಜಾದ ಗಾಜು, ನೆಲಕ್ಕೆ ಹಾಸಿದ ಕಂಬಳಿ, ಕಾಲು ಚಾಚಿಕೊಂಡು ಗೋಡೆಗೊರಗಿದ್ದ ಎಜೆಯ ಗಂಡ ಝೊಲ್ಚು. ಆ ಬೇಸಿಗೆ ಏಳು ಕುದುರೆಗಳು ಬೆಟ್ಟದ ಬೆನ್ನು ದಾಟಿ ಹೋಗಿದ್ದವು; ಒಂಬತ್ತು ದಿನ ಹುಡುಕಿದ ಝೊಲ್ಚು ಕಲ್ಲುಜಾರಿನಲ್ಲಿ ಬಿದ್ದು ಮಂಡಿ ಮುರಿದುಕೊಂಡು, ಕುದುರೆಗಳಿಲ್ಲದೆ, ಇನ್ನೊಬ್ಬರ ಕತ್ತೆಯ ಮೇಲೆ ವಾಪಸು ಬಂದಿದ್ದ. ಕುದುರೆಗಳು ಆಮೇಲೆ ತಾವಾಗಿಯೇ ಬಂದವು. “ಮುದುಕ ಮಾತ್ರ ಇನ್ನು ಕುದುರೆ ಹತ್ತಲ್ಲ. ಈ ಸಲ ಹೋದ್ರೆ ಹುಡುಕೋಳು ನಾನೇ,” ಎಂದು ಎಜೆ ಚಹಾ ಬಗ್ಗಿಸುತ್ತಾ, ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದ್ದಳು. ಆಮೇಲೆ ತನ್ನದೊಂದು ಬೂದಿ ಬಣ್ಣದ ಹೆಣ್ಣುಗುದುರೆಯ ಮೇಲೆ ಶಾಪ ಹಾಕುತ್ತಾ ಹೋದಳು, ಬಹಳ ಹೊತ್ತು, ಅದು ಕೆಟ್ಟದ್ದು, ಅದಕ್ಕೆ ಒಂದು ಕಡೆ ನಿಲ್ಲಲಾಗುವುದಿಲ್ಲ, ಅದರ ತಾಯಿಯೂ ಹಾಗೆಯೇ. ಕನಿಶಾಯ್ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು, ಬರೆದದ್ದು ಅಂಕಿಗಳನ್ನು: ಎಜೆಯದು ಇಪ್ಪತ್ತು ಕುದುರೆ, ಪಕ್ಕದವರದು ನಲವತ್ತು, ಕಣಿವೆಯೆಲ್ಲ ಸೇರಿದರೆ ಎಷ್ಟು. ಆಮೇಲೆ ಮಾಂಸದ ತಟ್ಟೆ ಬಂತು. ಸೊಂಟದ ಮೂಳೆಯ ತುಂಡು, ಗೌರವದ ಅತಿಥಿಗೆ ಮಾತ್ರ ಕೊಡುವಂಥದ್ದು, ಎಜೆ ಅದನ್ನು ಅವಳ ಮುಂದೆ ಇಟ್ಟಳು. ಪಟ್ಟಣದಿಂದ ಬಂದ, ಗಂಡನಿಂದ ಬೇರೆಯಾದ, ಸ್ವಂತ ಅತ್ತಿಗೆಯರು ಬಾಗಿಲ ಬಳಿಯ ಜಾಗ ತೋರಿಸುತ್ತಿದ್ದ ನಲವತ್ತೊಂದರ ಹೆಂಗಸಿನ ಮುಂದೆ. ಅದನ್ನು ತಿಂದು, ಬೆರಳಿನ ಕೊಬ್ಬು ಒರೆಸಿಕೊಂಡು, “ಮೇ ತಿಂಗಳೊಳಗೆ ಇಪ್ಪತ್ತೂ ಕುದುರೆಗೆ ಪಟ್ಟಿ ಕಟ್ತೀನಿ ಎಜೆ,” ಎಂದುಬಿಟ್ಟಿದ್ದಳು.

ಹತ್ತೂಕಾಲಿಗೆ ಮೂವರೂ ಮೇಜಿನ ಸುತ್ತ ಕೂತರು. ಬಾಗಿಲಿಗೆ ದೂರದ, ಕಿಟಕಿ ಪಕ್ಕದ ಕುರ್ಚಿ ಬಾಯ್ಕೆಯದು; ಅದನ್ನು ಖಾಲಿ ಬಿಟ್ಟೇ ಕೂತರು. “ಒಂದೇ ಕೆಲಸ,” ಎಂದಳು ಕನಿಶಾಯ್. “ಇಪ್ಪತ್ತು ಪಟ್ಟಿ, ಬೆಟ್ಟದ ಮೇಲೆ ಕೆಲಸ ಮಾಡೋ ಹಾಗೆ, ಮೇ ಇಪ್ಪತ್ತರೊಳಗೆ. ಎಷ್ಟು ಭಾರ? ಕಾರ್ಡು ತಗೊಳ್ಳಿ.” ಯಾರೂ ತೆಗೆದುಕೊಳ್ಳಲಿಲ್ಲ. ತಿಲೆಕ್ ಖಾಲಿ ಕುರ್ಚಿಯನ್ನು ನೋಡಿದ. “ಬಾಯ್ಕೆ ಬರ್ಲಿ ಎಜೆ. ಹಲ್ಲು ಕೀಳೋಕೆ ಎಷ್ಟೊತ್ತು.” “ಬಾಯ್ಕೆ ಬರಲ್ಲ. ನೀನು ಹೇಳು.” “ಅವ್ರಿದ್ದಿದ್ರೆ ಏನ್ ಹಾಕ್ತಿದ್ರು?” “ನನಗೇನ್ ಗೊತ್ತು.” “ಐದು ಹಾಕ್ತಿದ್ರೇನೋ,” ಎಂದ ಗ್ಲೆಬ್. ಮೇಜಿನ ಕೆಳಗೆ ತಿಲೆಕ್‌ನ ಹೆಬ್ಬೆರಳು ಓಡಾಡುತ್ತಿರುವುದು ಅವಳಿಗೆ ಕಾಣಿಸಿತು. “ಯಾರಿಗೆ ಬರೀತಿದ್ದೀಯ?” “ಸುಮ್ನೆ, ಬಾಯ್ಕೆಗೆ, ಹಲ್ಲು ಹೇಗಿದೆ ಅಂತ.” ಮೂವರ ಫೋನನ್ನೂ ಕಿತ್ತುಕೊಂಡು ಕುರುತ್ ಗಂಟಿನ ಪಕ್ಕ ಇಟ್ಟಳು. ಮೂವತ್ತು ದಾಟಿದ, ಮೀಸೆ ಬಿಟ್ಟ, ಹೆಂಡತಿ ಮಕ್ಕಳಿರುವ ಗಂಡಸರಿಂದ ಫೋನ್ ಕಿತ್ತುಕೊಳ್ಳುವುದು. ಮಕ್ಕಳ ಶಾಲೆಯ ಗೋಡೆಯ ನಡುವೆ ಕೂತು ಕೂತು ಎಲ್ಲರೂ ಹೀಗಾದರೋ, ಅಥವಾ ಅವಳೇ ಶಾಲೆಯ ಟೀಚರಾಗಿಬಿಟ್ಟಳೋ. “ಒಂದು, ಎರಡು, ಮೂರು,” ಎಂದಳು, ಹಲ್ಲು ಕಚ್ಚಿ.

ಗ್ಲೆಬ್‌ನದು ಹದಿಮೂರು. ತಿಲೆಕ್‌ನದು ಇಪ್ಪತ್ತು. ಸಿರ್ಗಾಳದು ಪ್ರಶ್ನೆಚಿಹ್ನೆ. ಮೂರೂ ಬೇರೆ ಬೇರೆ. ಏಳು ತಿಂಗಳಿಂದ ಅವಳು ಕಾದಿದ್ದ ದೃಶ್ಯ ಇದು; ಕಂಡಾಗ ಖುಷಿಯಾಗಲಿಲ್ಲ, ಭಯವಾಯಿತು. ಅವರೂ ಒಬ್ಬರ ಕಾರ್ಡನ್ನು ಒಬ್ಬರು, ಸ್ನಾನದ ಮನೆಯ ಬಾಗಿಲು ತೆರೆದುಕೊಂಡ ಹಾಗೆ, ಗಾಬರಿಯಿಂದ ನೋಡುತ್ತಿದ್ದರು. “ಇಪ್ಪತ್ತು ಯಾಕೆ?” ಎಂದು ತಿಲೆಕ್‌ನನ್ನು ಕೇಳಿದಳು. ಅವನು ಕಾರ್ಡನ್ನು ಮತ್ತೆ ಬೋರಲು ಹಾಕಿದ, ಮತ್ತೆ ಎತ್ತಿದ. “ಚಳೀಲಿ ಬ್ಯಾಟರಿ ಸಾಯುತ್ತೆ ಎಜೆ. ಒಂದು ಪಟ್ಟೀನ ನಮ್ಮಮ್ಮನ ಫ್ರೀಜರ್‌ನಲ್ಲಿ, ಮಾಂಸದ ಜತೆ ಇಟ್ಟೆ. ಬೆಳಿಗ್ಗೆ ಸತ್ತೇ ಹೋಗಿತ್ತು. ಮೂರು ಸಲ ಇಟ್ಟೆ. ಅಮ್ಮ ಬೈದ್ರು. ಬೆಟ್ಟದ ಮೇಲೆ ಜೂನ್‌ನಲ್ಲೂ ರಾತ್ರಿ ಹಿಮ ಬೀಳುತ್ತಲ್ಲ.” “ಯಾವಾಗ ಇಟ್ಟೆ?” “ಫೆಬ್ರವರಿ.” “ಫೆಬ್ರವರಿ,” ಎಂದಳು ಅವಳು. “ಈಗ ಏಪ್ರಿಲ್ ಮುಗೀತಾ ಬಂತು ತಿಲೆಕ್.” “ಬಾಯ್ಕೆ ಐದು ಅಂದಿದ್ರಲ್ಲ ಎಜೆ. ಅವರಿಗೆ ಗೊತ್ತಿಲ್ದೆ ಇರುತ್ತಾ? ಅವ್ರೇ ಐದು ಅಂದ್ಮೇಲೆ ನಮ್ಮಮ್ಮನ ಫ್ರೀಜರ್‌ನೇ ಕೆಟ್ಟಿದೆ ಅನ್ಕೊಂಡೆ.” ಗ್ಲೆಬ್ ನಗಲು ಹೋಗಿ ಕೆಮ್ಮಿದ. “ನನ್ನ ಹದಿಮೂರು ಫೋನಿನ ಕಡೆ ಕೆಲಸಕ್ಕೆ ಮಾತ್ರ,” ಎಂದ ಮೆಲ್ಲಗೆ. “ಬ್ಯಾಟರಿ ವಿಷ್ಯ ನನಗೆ ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಇಬ್ಬರದೂ ಕೂಡಿಸ್ಬೇಕು.” ಸಿರ್ಗಾ ಹೇಳಿದಳು, “ನಾನು ಇದುವರೆಗೂ ಒಂದು ಪಟ್ಟೀನೂ ಕುದುರೆ ಮೇಲೆ ನೋಡಿಲ್ಲ ಎಜೆ. ಕುರ್ಚಿ ಕಾಲಿಗೆ ಕಟ್ಟಿ ನೋಡ್ತಿದ್ದೀನಿ. ಕುರ್ಚಿ ಎಲ್ಲೂ ಹೋಗಲ್ಲ. ಅದಕ್ಕೇ ಪ್ರಶ್ನೆ.”

ಕನಿಶಾಯ್‌ಗೆ ಕಿರುಚಬೇಕೆನಿಸಿತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ದಿನ ಅವಳು ಈ ಮೂವರ ಮುಂದೆ ಬೆವರು ಸುರಿಸಿ, ಬಣ್ಣದ ಚೀಟಿ, ಬಣ್ಣದ ಪೆನ್ನು, ವೈದ್ಯರ ಅಂಟುಪಟ್ಟಿ ತಂದು, ರೈಸಾ ಪೆತ್ರೊವ್ನಾಳ ಜತೆ ಜಗಳವಾಡಿ, ಎರಡೆರಡು ವಾರದ ಓಟಗಳನ್ನು ಹದಿನಾಲ್ಕು ಸಲ ಓಡಿಸಿದ್ದಳು. ಸತ್ಯ ಒಬ್ಬ ಹೆಂಗಸಿನ ಫ್ರೀಜರ್‌ನಲ್ಲಿ ಕುರಿಮಾಂಸದ ಪಕ್ಕ ಬಿದ್ದಿತ್ತು. ಎಲ್ಲದಕ್ಕೂ ಆ ಮನುಷ್ಯನೇ ಕಾರಣ, ಆ ಐದು, ಆ ಟೋಪಿ, ಆ ಕಾರ್ಖಾನೆಯ ಕಥೆಗಳು ಎಂದು ಅವಳು ಮನಸ್ಸಿನಲ್ಲಿ ಸಾಲುಸಾಲಾಗಿ ಜೋಡಿಸುತ್ತಿದ್ದಾಗ ಬಾಗಿಲು ತೆರೆಯಿತು. ಎಸೆನ್‌ಕುಲ್ ಬಾಯ್ಕೆ, ಮರಗಟ್ಟಿಸುವ ಇಂಜೆಕ್ಷನ್ನಿಗೆ ಅರ್ಧ ಮುಖ ಸತ್ತವರಂತೆ ನಿಂತಿದ್ದರು. ತುಟಿಯ ಒಂದು ಮೂಲೆ ಕೆಳಗೆ ಜೋತು ಬಿದ್ದಿತ್ತು. ಅವರ ಕಣ್ಣು ಮೇಜಿನ ಮೇಲಿನ ಮೂರು ಕಾರ್ಡುಗಳ ಮೇಲೆ ಹೋಯಿತು, ಆಮೇಲೆ ಕಿತ್ತಿಟ್ಟ ಫೋನುಗಳ ಮೇಲೆ, ಆಮೇಲೆ ತಮ್ಮ ಹೆಂಡತಿ ಕಟ್ಟಿದ ಗಂಟಿನ ಮೇಲೆ. ಮೂವರೂ ಎದ್ದು ನಿಂತರು. ತಿಲೆಕ್ ಕಿಟಕಿಯ ಕುರ್ಚಿಯನ್ನು ಹಿಂದಕ್ಕೆ ಎಳೆದ. ಬಾಯ್ಕೆ ಆ ಕಡೆ ಹೋಗಲಿಲ್ಲ. ಬಾಗಿಲ ಪಕ್ಕ, ಬೂಟು ಬಿಡುವ ಜಾಗದಲ್ಲಿದ್ದ ಮಕ್ಕಳ ಪುಟ್ಟ ಬೆಂಚಿನ ಮೇಲೆ, ಮೊಣಕಾಲು ಎದೆಗೆ ತಾಗುವ ಹಾಗೆ ಕೂತುಬಿಟ್ಟರು. ಯಾವ ಮದುವೆಮನೆಯಲ್ಲೂ ಅವರನ್ನು ಕಿರಿಯರು ಕೂರುವ, ಬಾಗಿಲ ಬಳಿಯ ಜಾಗದಲ್ಲಿ ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ.

“ಬಾಯ್ಕೆ, ಮೇಲೆ ಬನ್ನಿ,” ಎಂದಳು ಸಿರ್ಗಾ, ಅಳು ಬರುವ ಹಾಗೆ.

“ಇರ್ಲಿ, ಇಲ್ಲಿ ಗಾಳಿ ಚೆನ್ನಾಗಿದೆ,” ಎಂದರು ಅವರು. ಮಾತು ಬಾಯಿಯ ಒಂದೇ ಕಡೆಯಿಂದ, ಒದ್ದೆಯಾಗಿ ಬರುತ್ತಿತ್ತು. ಕರವಸ್ತ್ರದಿಂದ ಒರೆಸಿಕೊಂಡರು. “ಅಲ್ಲಿ ಆ ಹುಡುಗಿ ಹೇಳಿದ್ಳು ತಂಗಿ. ನಿಮ್ಮ ತಂಗಿ ಎಷ್ಟು ಒಳ್ಳೆಯವರು, ಗುರುವಾರ ಖಾಲಿ ಇದೆ ಅಂದ್ರೂ ಬೇಡ, ಸೋಮವಾರ ಹತ್ತಕ್ಕೇ ಬೇಕು, ನಮ್ಮಣ್ಣಂಗೆ ನೋವು ತಡೆಯಕ್ಕಾಗ್ತಿಲ್ಲ ಅಂದ್ರು ಅಂತ. ನಾನು ಹೌದು, ಬಹಳ ಒಳ್ಳೆಯವಳು ಅಂದೆ.”

ಕನಿಶಾಯ್‌ಗೆ ಕೆನ್ನೆಯಿಂದ ಕಿವಿಗೆ, ಕಿವಿಯಿಂದ ಕುತ್ತಿಗೆಗೆ ಬಿಸಿ ಇಳಿಯುವುದು ಗೊತ್ತಾಗುತ್ತಿತ್ತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು, ಬಂದದ್ದು ಬೇರೆಯೇ. “ಫೆಬ್ರವರಿಯಿಂದ ಬ್ಯಾಟರಿ ಸಾಯ್ತಿದೆ ಬಾಯ್ಕೆ. ನಿಮ್ಮ ಐದು ನೋಡಿ ಇವನು ಬಾಯಿ ಬಿಟ್ಟಿಲ್ಲ. ನೀವು ಒಂದು ಅಂಕಿ ಹಾಕಿದ್ರೆ ಮುಗೀತು, ಈ ಕೋಣೇಲಿ ಇನ್ಯಾರೂ ಯೋಚ್ನೆ ಮಾಡಲ್ಲ. ನಾನೇನ್ ಮಾಡ್ಬೇಕಿತ್ತು?”

“ಬ್ಯಾಟರಿ ನನಗೆ ಜನವರೀಲೇ ಗೊತ್ತು,” ಎಂದರು ಅವರು.

“ಗೊತ್ತಿದ್ದೂ ಐದು ಹಾಕಿದ್ರಾ?”

“ಹಾಕ್ದೆ.”

“ಯಾಕೆ?”

ಅವರು ಜೋತ ತುಟಿಯನ್ನು ಬೆರಳಿನಿಂದ ಮೇಲೆತ್ತಿ ಸರಿಮಾಡಿಕೊಂಡರು. “ನಿನ್ನ ಮುಖ ನೋಡಿ,” ಎಂದರು. “ಇವರೆಲ್ಲ ನನ್ನ ಕಾರ್ಡು ನೋಡ್ತಾರೆ ಅಂತೀಯ. ನೋಡ್ತಾರೆ, ನನಗೂ ಗೊತ್ತು. ನಾನು ಯಾರದು ನೋಡ್ಲಿ? ನೀನು ಮೇಜಿನ ಮೇಲೆ ಕೆಲಸ ಇಡ್ತೀಯ, ಇಟ್ಟು ಹೀಗೆ ನೋಡ್ತೀಯ, ಉಂಡ ಮನೆಗೆ ಮಾತು ಕೊಟ್ಟು ಬಂದಿದ್ದೀನಿ ಬಾಯ್ಕೆ ಅನ್ನೋ ಹಾಗೆ. ಮೊದಲ್ನೇ ದಿನ ನಾನು ಇಪ್ಪತ್ತು ತಗೊಂಡಿದ್ದೆ ಕೈಯಲ್ಲಿ. ನೀನು ನೋಡಿದ್ದು ನೋಡಿ ಹದಿಮೂರಕ್ಕೆ ಇಳ್ದೆ, ಆಮೇಲೆ ಎಂಟಕ್ಕೆ. ಕೊನೆಗೆ ಐದು ತಿರುಗಿಸ್ದಾಗ ನಿನ್ನ ಮುಖ ಅರಳ್ತು. ಸರಿ, ಅಲ್ಲೇ ನಿಂತೆ.” ಮತ್ತೆ ಒರೆಸಿಕೊಂಡರು. “ಕಾರ್ಖಾನೇಲಿ ಮೇಲಿನವರು ಗೋಡೆ ಮೇಲೆ ಅಂಕಿ ಬರೆದಿರ್ತಿದ್ರು, ನಾವು ಅದನ್ನೇ ಕೆಳಗೆ ಬರೀತಿದ್ವಿ. ಸುಲಭ ಇತ್ತು. ನೀನು ಬರೆಯಲ್ಲ. ನಿನ್ನ ಮುಖದಲ್ಲಿ ಓದ್ಕೋಬೇಕು.”

ಅದು ಸುಳ್ಳು ಎಂದು ಹೇಳಲು ಅವಳು ಗ್ಲೆಬ್‌ನ ಕಡೆ ತಿರುಗಿದಳು. ಗ್ಲೆಬ್ ಕಿಟಕಿಯಾಚೆ ಕಂಬಕ್ಕೆ ಕಟ್ಟಿದ ಕೆಂಪು ಬಟ್ಟೆಯನ್ನು ನೋಡುತ್ತಿದ್ದ. ತಿಲೆಕ್ ಮೇಜಿನ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದ. ಸಿರ್ಗಾ ಮಾತ್ರ ಅವಳ ಮುಖವನ್ನೇ ನೋಡುತ್ತಿದ್ದಳು, ಅಲ್ಲಿ ಬರೆದದ್ದನ್ನು ಓದಿ ಮುಂದಿನ ಮಾತು ಆಡಬೇಕೆಂಬಂತೆ. ತನ್ನ ಮುಖವನ್ನು ಎಲ್ಲಿ ಇಡುವುದೆಂದು ಕನಿಶಾಯ್‌ಗೆ ತಿಳಿಯಲಿಲ್ಲ. ಹತ್ತು ವರ್ಷ ಜತೆಗಿದ್ದ ಗಂಡನೂ ಕೊನೆಗೆ ಇದನ್ನೇ ಅಂದಿದ್ದನಲ್ಲ, ನೀನು ಕೇಳುವುದೇ ಇಲ್ಲ, ಉತ್ತರವನ್ನು ಮುಖದಲ್ಲಿಟ್ಟುಕೊಂಡೇ ಕೇಳುತ್ತೀಯ ಎಂದು. ಅವತ್ತು ಅದು ಜಗಳದ ಮಾತು ಎಂದುಕೊಂಡು ಬಟ್ಟಲುಗಳನ್ನು ಹಂಚಿಕೊಂಡಿದ್ದರು, ಅವನಿಗೆ ಮೂರು, ಅವಳಿಗೆ ಮೂರು. ಯಾಕೋ ಈಗ ಆ ಸೊಂಟದ ಮೂಳೆಯ ರುಚಿ ಬಾಯಿಗೆ ಬಂತು, ಏಳು ತಿಂಗಳ ಹಿಂದಿನ ಕೊಬ್ಬು, ಉಪ್ಪು. ಮೇಷ್ಟರು ಎಲ್ಲ ಹೇಳಿಕೊಟ್ಟಿದ್ದರು, ಕೆಲಸ ಮುಂದಿಡುವವಳ ಮುಖ ಎಲ್ಲಿರಬೇಕೆಂದು ಮಾತ್ರ ಹೇಳಿಕೊಡಲಿಲ್ಲ.

ಬಾಯ್ಕೆ ಬೆಂಚಿನಿಂದ ಎದ್ದರು. ಎದ್ದು, ಆ ಪುಟ್ಟ ಬೆಂಚನ್ನೇ ಎತ್ತಿಕೊಂಡು ಬಂದು, ಅಣಬೆಗಳ ಗೋಡೆಗೆ ಮುಖ ಮಾಡಿ ಹಾಕಿ, ಮೇಜಿಗೆ ಬೆನ್ನು ಕೊಟ್ಟು ಕೂತರು. ಬೆನ್ನ ಹಿಂದೆ ಕೈ ಚಾಚಿದರು. “ನನ್ನ ಕಾರ್ಡು ಕೊಡ್ರಪ್ಪಾ. ಹೀಗಾದ್ರೆ ಯಾರಿಗೂ ನಾನು ಕಾಣಲ್ಲ.” ಕಾರ್ಡು ಕೈಗೆ ಬಂದ ಮೇಲೆ, “ತಂಗಿ, ನೀನೂ ಬಾ. ಇಲ್ಲಿ ಜಾಗ ಇದೆ,” ಎಂದು ಬೆಂಚಿನ ಪಕ್ಕವನ್ನು ತಟ್ಟಿದರು. ಅವಳು ಹೋಗಿ ಕೂತಳು. ಇಬ್ಬರಿಗೂ ಸಾಲದ ಬೆಂಚು. ಅವರ ಕೋಟಿನಿಂದ ಔಷಧಿಯ, ಬೆಸುಗೆಯ ವಾಸನೆ ಬರುತ್ತಿತ್ತು. ಮುಳ್ಳುಹಂದಿ ಇಷ್ಟು ಹತ್ತಿರದಿಂದ ನೋಡಿದರೆ ಬರೀ ಗೀರುಗಳು. “ಇಪ್ಪತ್ತು ಪಟ್ಟಿ ಬೇಡ,” ಎಂದಳು ಅವಳು ಗೋಡೆಗೆ, ಬಹಳ ಕಷ್ಟಪಟ್ಟು. “ಮೇ ಇಪ್ಪತ್ತರೊಳಗೆ ಎಷ್ಟಾಗುತ್ತೆ ಹೇಳಿ. ನಾನು ನೋಡ್ತಿಲ್ಲ.”

ಬೆನ್ನ ಹಿಂದೆ ಕುರ್ಚಿಗಳು ಮೇಜಿನ ಹತ್ತಿರಕ್ಕೆ ಸರಿದವು. ಆಮೇಲೆ ಗ್ಲೆಬ್ ಏನೋ ಅಂದ, ತಿಲೆಕ್ ಅಲ್ಲ ಅಂದ; ಸಿರ್ಗಾ ಇಬ್ಬರಿಗಿಂತ ಜೋರಾಗಿ, ಫ್ರೀಜರ್‌ನಲ್ಲಿ ಮೂರು ರಾತ್ರಿ ಬದುಕದ ಯಾವ ಪಟ್ಟಿಗೂ ನಾನು ಸರಿ ಅನ್ನಲ್ಲ ಎಂದಳು. ದೊಡ್ಡ ಬ್ಯಾಟರಿ ಹಾಕಿದ್ರೆ? ಭಾರ ಆಗುತ್ತೆ. ಉಣ್ಣೆ ಸುತ್ತಿದ್ರೆ? ಎಂದದ್ದು ಪಕ್ಕದಲ್ಲಿದ್ದ ಬಾಯ್ಕೆ, ಗೋಡೆಗೆ. “ಟೋಪಿಗೆ ಒತ್ತುತ್ತಾರಲ್ಲ, ಆ ಉಣ್ಣೆ.” “ಉಣ್ಣೆ ಒದ್ದೆಯಾದ್ರೆ ಒಣಗಲ್ಲ ಬಾಯ್ಕೆ, ಮೇಲೆ ರಬ್ಬರ್ ಬೇಕಾಗುತ್ತೆ,” ಎಂದ ತಿಲೆಕ್, ಹೇಳಿದ ಮೇಲೆ ತಾನು ಯಾರ ಮಾತಿಗೆ ಅಡ್ಡ ಹೇಳಿದೆನೆಂದು ಗೊತ್ತಾಗಿ ಸುಮ್ಮನಾದ. ಬಾಯ್ಕೆಯ ಭುಜ ಅವಳ ಭುಜಕ್ಕೆ ತಾಗಿ ಅಲುಗಿತು. ಅರ್ಧ ಬಾಯಿಯಲ್ಲಿ ಅವರು ನಗುತ್ತಿದ್ದರು. ಕಾರ್ಡುಗಳು ಮೇಜಿನ ಮೇಲೆ ಬಿದ್ದ ಸದ್ದು ಒಂದೇ ಸಲ ಬರಲಿಲ್ಲ, ಪಟಪಟ ಎಂದು ಹಿಂದೆಮುಂದೆ ಬಂತು, ಆದರೂ ಯಾರೂ ಯಾರಿಗೂ ಕಾದಿರಲಿಲ್ಲ. ಅರ್ಧ ಗಂಟೆ ಜಗಳವಾಡಿ ನಾಲ್ವರೂ ಒಂದು ಮಾತಿಗೆ ಬಂದರು: ಮೂರು ಪಟ್ಟಿ. ಮೂರೇ. ನಾಲ್ಕನೆಯದು ಕೇಳಬೇಡಿ.

ಕನಿಶಾಯ್ ಫೋನ್ ಹಿಡಿದು ಕೈತೊಳೆಯುವ ಜಾಗಕ್ಕೆ ಹೋದಳು. ಎಜೆ ಓದುವುದಿಲ್ಲ, ಅವಳಿಗೆ ದನಿಯನ್ನೇ ಕಳಿಸಬೇಕು. ಮೊದಲ ಸಲ ಬ್ಯಾಟರಿಯಿಂದ ಶುರುಮಾಡಿ ಅಳಿಸಿದಳು. ಎರಡನೆಯ ಸಲ ಚಳಿಯಿಂದ. ಮೂರನೆಯ ಸಲ ಕೆಲಸಗಾರರಿಂದ. ಅದನ್ನೂ ಅಳಿಸಿದಳು. ನಾಲ್ಕನೆಯ ಸಲ ಹೇಳಿದಳು: “ಎಜೆ, ನಾನು ಮಾತು ತಪ್ಪಿದ್ದೀನಿ. ಇಪ್ಪತ್ತು ಆಗಲ್ಲ. ಮೂರು ತರ್ತೀನಿ, ನಾನೇ ತಂದು ಕಟ್ತೀನಿ. ಅಕ್ಟೋಬರ್‌ನಲ್ಲೇ ಯೋಚ್ನೆ ಮಾಡಿ ಹೇಳ್ಬೇಕಿತ್ತು. ಹೇಳ್ಲಿಲ್ಲ.” ಕಳಿಸಿ, ಮೊಣಕಾಲೆತ್ತರದ ತೊಟ್ಟಿಯ ಅಂಚಿನ ಮೇಲೆ ಕೂತು, ನಲ್ಲಿಯನ್ನು ಬಿಟ್ಟು, ನಿಲ್ಲಿಸಿ, ಮತ್ತೆ ಬಿಟ್ಟಳು. ಈಗ ಎಜೆ ಆ ಮಾಂಸದ ತುಂಡನ್ನು ನೆನೆಯುತ್ತಾಳೆ, ಪಕ್ಕದ ಮನೆಗೆ ಹೋಗಿ ಹೇಳುತ್ತಾಳೆ, ಕಣಿವೆಯಲ್ಲೆಲ್ಲ ಹೇಳುತ್ತಾಳೆ. ಉತ್ತರ ಇಪ್ಪತ್ತು ನಿಮಿಷಕ್ಕೆ ಬಂತು. ನಾಲ್ಕು ನಿಮಿಷ ಉದ್ದದ್ದು. ಗಾಳಿಯ ಸದ್ದು, ಎಲ್ಲೋ ನಾಯಿ. ಆರೋಗ್ಯವಾ, ಅಮ್ಮ ಆರೋಗ್ಯವಾ, ಆ ಹಲ್ಲುನೋವಿನ ಅಣ್ಣ ಹೇಗಿದ್ದಾರೆ, ಪಟ್ಟಣದಲ್ಲಿ ಮಳೆ ಬಂತಾ, ಇಲ್ಲಿ ಏಳು ಮರಿ ಹುಟ್ಟಿವೆ, ಒಂದು ಹೋಯಿತು. ಎರಡು ನಿಮಿಷ ಹತ್ತು ಸೆಕೆಂಡಿನವರೆಗೂ ಪಟ್ಟಿಯ ಸುದ್ದಿಯೇ ಇಲ್ಲ. ಆಮೇಲೆ:

“ಮೂರು ಯಾಕೆ ಕುಲುನುಮ್, ನನ್ನ ಮರೀ? ನಾನು ಇಪ್ಪತ್ತು ಕೇಳಿದ್ನಾ? ಇಪ್ಪತ್ತು ಅಂದವಳು ನೀನು. ಊಟ ಮಾಡ್ತಾ ಅಂದೆ, ದೊಡ್ಡ ಮನಸ್ಸು ಅಂತ ನಾನು ಸುಮ್ನಾದೆ. ನಾನು ಅವತ್ತು ಗಂಟೆಗಟ್ಲೆ ಹೇಳಿದ್ದು ಬೂದಿ ಕುದುರೆದು. ಅದೊಂದು ಎಲ್ಲಿದೆ ಗೊತ್ತಾದ್ರೆ ಸಾಕು. ಉಳಿದ ಮೂರ್ಖಮುಂಡೇವು ಅದರ ಬಾಲ ನೋಡ್ಕೊಂಡು ಹೋಗೋವು, ಅದು ಹಳ್ಳಕ್ಕೆ ಬಿದ್ರೆ ಅವೂ ಬೀಳ್ತವೆ. ಒಂದು ತಗೊಂಡ್ಬಾ. ಬಂದಾಗ ಬೆಚ್ಚಗಿನ ಕೋಟು ಹಾಕ್ಕೊಂಡ್ಬಾ, ಹೋದ್ಸಲ ನಡುಗ್ತಿದ್ದೆ.”

ಅವಳು ಅದನ್ನು ಎರಡು ಸಲ ಕೇಳಿದಳು. ಹದಿನಾಲ್ಕು ಓಟ, ಇನ್ನೂರು ಚೀಟಿ, ಒಂದು ಹಲ್ಲು. ಒಂದು ಪಟ್ಟಿಯನ್ನು ಬಾಯ್ಕೆ ನವೆಂಬರಿನಲ್ಲೇ ಮಾಡಿ ಮೇಜಿನ ಮೇಲೆ ಇಟ್ಟಿದ್ದರು. ಇನ್ನು ಹತ್ತೊಂಬತ್ತು ಎಂದು ಅವಳು ಅದನ್ನು ಎತ್ತಿಡಿಸಿದ್ದಳು. ಈ ಚಳಿಗಾಲವಿಡೀ ಅದು ಆ ಬೂದಿ ಕೊರಳಲ್ಲಿ ಇರಬಹುದಿತ್ತು, ಬ್ಯಾಟರಿ ಸತ್ತದ್ದು ಮೊದಲ ಹಿಮಕ್ಕೇ ತಿಳಿಯುತ್ತಿತ್ತು. ನಲ್ಲಿ ನಿಲ್ಲಿಸಿ ಕೋಣೆಗೆ ಬಂದಳು. ನಾಲ್ವರೂ ಅವಳ ಮುಖವನ್ನು ನೋಡಿದರು, ಬಾಯ್ಕೆಯೂ, ಬೆಂಚಿನಿಂದ ಕುತ್ತಿಗೆ ತಿರುಗಿಸಿ. “ಏನಂದ್ಳು?” ಎಂದರು, ತುಟಿ ಹಿಡಿದುಕೊಂಡು. ಏನು ಹೇಳಿದರೂ ಮುಖ ಮೊದಲೇ ಹೇಳಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಫೋನನ್ನು ಮೇಜಿನ ನಡುವೆ ಇಟ್ಟು, ದನಿ ಜೋರು ಮಾಡಿ, ತಾನು ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಆರೋಗ್ಯವಾ, ಅಮ್ಮ ಆರೋಗ್ಯವಾ ಎಂದು ಉಲ್ಕಾನ್ ಎಜೆ ಮೊದಲಿನಿಂದ ಶುರುಮಾಡಿದಳು. ಸೇಬು ಹೊತ್ತ ಮುಳ್ಳುಹಂದಿಯ ಮೇಲಿದ್ದ ಹಳದಿ ಚೀಟಿಯೊಂದು ಮೆಲ್ಲಗೆ ಬಿಟ್ಟುಕೊಂಡು ಅವಳ ಪಾದದ ಬಳಿ ಬಿತ್ತು, ಅವಳು ಎತ್ತಲಿಲ್ಲ. ಮೂರ್ಖಮುಂಡೇವು ಎಂಬಲ್ಲಿಗೆ ಬಂದಾಗ ಬೆನ್ನ ಹಿಂದೆ ಯಾರೋ ಪಕ್ಕನೆ ನಕ್ಕರು. ಮೊದಲು ನಕ್ಕದ್ದು ಬಾಯ್ಕೆ ಅಲ್ಲ.